ಉಪ್ಪಿಲ್ಲದ ಮೋಟಾರು: ಏಳನೆಯ ಕಂತು

ಅಲ್ಲಾಸಾಬ ಬೆರಳ ತುದಿಗೆ ಹತ್ತಿದ್ದ ಕಪ್ಪು ಕೆಸರನ್ನು ನಾಲಿಗೆಗೆ ಮುಟ್ಟಿಸಿದ. ಕಣ್ಣು ಮುಚ್ಚಿ, ಸಾರಿನ ರುಚಿ ನೋಡುವ ಅಡಿಗೆಯವನ ಹಾಗೆ ಒಂದು ಕ್ಷಣ ತಡೆದ. ಆಮೇಲೆ ಪಕ್ಕಕ್ಕೆ ಉಗುಳಿದ.

"ಸಪ್ಪಗೈತಿ."

"ಇನ್ನೊಮ್ಮೆ ನೋಡ್ರಿ ಕಾಕಾ."

"ಎಷ್ಟ ಸಲ ನೋಡ್ಲಿ ಗೀತವ್ವ? ನಲವತ್ತ ವರ್ಷ ಆತು ನಾ ಮೋಟಾರ ನೆಕ್ಕಾಕ ಹತ್ತಿ. ನಮ್ಮ ಮನಿಯಾಕಿ ಇಮಾಮಬಿ ಮಾಡಿದ ಸಾರಿನ್ಯಾಗ ಉಪ್ಪು ಕಡಿಮಿ ಆದ್ರ ಹೇಳಾಕ ಹೆದರ್ತೇನಿ, ಮೋಟಾರಿಗೆ ಯಾಕ ಹೆದರ್ಲಿ? ಇದರಾಗ ಒಂದ ಹರಳ ಉಪ್ಪಿಲ್ಲ."

ಗೀತಾಂಜಲಿ ನಗಲಿಲ್ಲ. ಎದ್ದು ಹೋಗಿ ಶಟರನ್ನು ಅರ್ಧಕ್ಕೆ ಇಳಿಸಿದಳು. ಬೆಳಗಿನ ಹತ್ತೂವರೆ. ಗೋಪನಕೊಪ್ಪದ ಆ ಓಣಿಯಲ್ಲಿ ತರಕಾರಿಯವನು ಕೂಗುತ್ತಿದ್ದ, ಎದುರಿನ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ಹಾಡುಹಗಲು. ಆದರೂ ಅವಳು ಓಣಿಯ ಎರಡೂ ಕಡೆ ಇಣುಕಿ ನೋಡಿದಳು.

ಇಪ್ಪತ್ತೆರಡು ದಿನಗಳ ಹಿಂದೆ ಕಾರವಾರದಾಚೆಯ ಸಮುದ್ರದಲ್ಲಿ ಹತ್ತಿ ವ್ಯಾಪಾರಿ ಶಿವಯೋಗೀಶನ ಪುಟ್ಟ ಮೋಟಾರುದೋಣಿ ಖಾಲಿ ಸಿಕ್ಕಿತ್ತು, ಅವನ ಹೆಣ ಸಿಕ್ಕಿರಲಿಲ್ಲ. ಮೋಟಾರಿನ ಪಂಖದ ಪಿನ್ನು ಮುರಿದು, ದೋಣಿ ದಿಕ್ಕು ತಪ್ಪಿ, ಮನುಷ್ಯ ನೀರುಪಾಲಾದ ಎಂದು ವರದಿಯಾಗಿತ್ತು.

ಆ ಪಿನ್ನನ್ನು ಹಾಕಿದವನು ಅಲ್ಲಾಸಾಬ. ಇದೇ ಅಂಗಡಿಯಲ್ಲಿ, ಗೀತಾಂಜಲಿಯ ಕಣ್ಣೆದುರಿಗೆ, ದೋಣಿ ಸಿಗುವುದಕ್ಕೆ ಐದು ದಿನ ಮೊದಲು. ನಾಳೆ ಹನ್ನೊಂದಕ್ಕೆ ಅವನು ಠಾಣೆಗೆ ಹೋಗಬೇಕು. ಕೆಟ್ಟ ಕೆಲಸದಿಂದ ಒಂದು ಜೀವ ಹೋಯಿತೆಂದು ಕೇಸು ಬಿದ್ದರೆ, ಅರವತ್ತಮೂರರ ಆ ಮನುಷ್ಯ ಜೈಲಿನಿಂದ ಹೊರಗೆ ಬರುವಾಗ ನಟ್ಟು ಬಿಚ್ಚುವ ಪಾನಾ ಹಿಡಿಯುವ ಕೈ ಉಳಿದಿರುವುದಿಲ್ಲ.

ಶಿವಯೋಗೀಶನ ಹೆಂಡತಿ ಭಾಗ್ಯಶ್ರೀ, ಪೊಲೀಸರು ಮನೆಗೆ ಹಿಂದಿರುಗಿಸಿದ್ದ ಆ ಮೋಟಾರನ್ನು ಮೊನ್ನೆ ಟೆಂಪೋದಲ್ಲಿ ಕಳಿಸಿದ್ದಳು. "ಬಿಚ್ಚಿ ನೋಡ್ರಿ. ಏನ ಕಂಡ್ರೂ ನನಗ ಒಬ್ಬಾಕಿಗೆ ಹೇಳ್ರಿ," ಎಂದಷ್ಟೇ ಅಂದಿದ್ದಳು.

ಈಗ ಅದು ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ತಲೆಕೆಳಗಾಗಿ ತೂಗುತ್ತಿತ್ತು. ಕೆಳಗೆ ಹಳದಿ ಬಟ್ಟೆ ಹಾಸಿತ್ತು. ಬಿಚ್ಚಿದ ಹಳೆಯ ಸಾಮಾನೆಲ್ಲ ಆ ಬಟ್ಟೆಗೇ ಬೀಳಬೇಕು. ಗೀತಾಂಜಲಿಯ ತಂದೆ ಗುರುಶಿದ್ದಪ್ಪ ಅಂಗಡಿ ತೆಗೆದಂದಿನಿಂದ ನಡೆದು ಬಂದ ರೀತಿ ಅದು: ಹಳೇ ಸಾಮಾನು ಗಿರಾಕಿಯದು, ಗಂಟು ಕಟ್ಟಿ ಅವರ ಕೈಗೇ ಕೊಡಬೇಕು. ಬದಲಾಯಿಸದೆ ಬದಲಾಯಿಸಿದೆ ಎನ್ನುವ ಅಂಗಡಿಗಳ ನಡುವೆ ಅವರ ಹೆಸರು ನಿಂತದ್ದು ಆ ಗಂಟಿನ ಮೇಲೆ.

ಬಟ್ಟೆಯ ನಡುವೆ ಇಂಪೆಲ್ಲರ್ ಕೂತಿತ್ತು. ಆರು ಎಸಳಿನ ಕರಿ ರಬ್ಬರ್ ಚಕ್ರ, ಸಣ್ಣ ಬಿಸ್ಕೀಟಿನಷ್ಟು ಅಗಲ. ಮೋಟಾರು ಓಡುವಾಗ ಹೊರಗಿನ ನೀರನ್ನು ಒಳಗೆಳೆದು ಎಂಜಿನ್ನನ್ನು ತಣ್ಣಗಿಡುವುದು ಇದರ ಕೆಲಸ. ಸಮುದ್ರದಲ್ಲಿ ಐದು ನಿಮಿಷ ಓಡಿದರೂ ಸಾಕು, ಒಣಗಿದ ಮೇಲೆ ಚಕ್ರದ ಮನೆಯೊಳಗೆ ಬಿಳಿ ಉಪ್ಪು ಕೂರುತ್ತದೆ. ಅದಕ್ಕೇ ಕಾರವಾರದ ಮೋಟಾರುಗಳನ್ನೆಲ್ಲ ಇಲ್ಲಿ ಮೊದಲು ಸಿಹಿನೀರಿನ ಡ್ರಮ್ಮಿನಲ್ಲಿ ಓಡಿಸಿ, ಒಳಗನ್ನು ತೊಳೆದು, ಆಮೇಲೆ ಬಿಚ್ಚುವುದು. ಇದನ್ನು ಮಾತ್ರ ಅವಳು ತೊಳೆಯದೆ ಬಿಚ್ಚಿಸಿದ್ದಳು.

ಒಳಗೆ ಬಿಳಿ ಇರಲಿಲ್ಲ. ಕಪ್ಪು ಇತ್ತು. ಬೆಣ್ಣೆಯ ಹಾಗೆ ನುಣ್ಣಗೆ, ಒಣಗಿದ ಕಡೆ ಬಿರುಕು ಬಿಟ್ಟ ಕಪ್ಪು.

"ಎರಿ ಮಣ್ಣು," ಎಂದ ಅಲ್ಲಾಸಾಬ ಮೆಲ್ಲಗೆ. "ಸಮುದ್ರದಾಗ ಎರಿ ಮಣ್ಣ ಎಲ್ಲಿಂದ ಬರಬೇಕವಾ? ನಾವು ಚಕ್ರ ಹೊಸಾದು ಹಾಕಿ ಕೊಟ್ಟ ಮ್ಯಾಲ ಈ ಮೋಟಾರ ಸಮುದ್ರದ ನೀರ ಕುಡದಿಲ್ಲ. ಕೆರಿ ನೀರ ಕುಡದೈತಿ. ಈ ಕಡೀದ ಕೆರಿ."

"ದೋಣಿ ಸಿಕ್ಕಾಗ ಮೋಟಾರ ಮ್ಯಾಲ ಎತ್ತಿತ್ತು, ನೀರಿಗೆ ತಾಗಿರಲಿಲ್ಲ. ಪೊಲೀಸ್ ಫೋಟೋದಾಗ ಐತಿ."

"ಅಂದ್ರ ಅಲ್ಲಿ ಇದು ಓಡೇ ಇಲ್ಲ. ಓಡದ ಮೋಟಾರಿನ ಪಿನ್ನು ಹೆಂಗ ಮುರೀತದ?"

 ಶಿವಯೋಗೀಶನ ಮನೆತನಕ್ಕೆ ಶಿರಗುಪ್ಪಿಯಲ್ಲಿ ಎರೆಹೊಲವಿತ್ತು, ಹೊಲದ ತಗ್ಗಿನಲ್ಲಿ ದೊಡ್ಡದೊಂದು ಕೆರೆಯೂ ಇತ್ತು. ದೋಣಿ ಟ್ರಾಲಿಯ ಮೇಲೆ ಎಲ್ಲಿಗೆ ಬೇಕಾದರೂ ಹೋಗುವಂಥದು.

"ಪಂಖ ಬಿಚ್ರಿ," ಎಂದಳು ಗೀತಾಂಜಲಿ.

ಅಲ್ಲಾಸಾಬ ಮೊದಲು ಪಂಖದ ಮೂರು ರೆಕ್ಕೆಗಳ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದ. ಎಲ್ಲಿಯೂ ಕಚ್ಚು ಬಿದ್ದಿರಲಿಲ್ಲ. ಕಲ್ಲಿಗೆ ಬಡಿದಿದ್ದರೆ ಅಲ್ಯೂಮಿನಿಯಂ ರೆಕ್ಕೆ ಮುಕ್ಕಾಗಲೇಬೇಕು. ಪಿನ್ನು ಹಿತ್ತಾಳೆಯದು, ಪಂಖಕ್ಕೆ ಏನಾದರೂ ಅಡ್ಡ ಬಂದಾಗ ಮುರಿಯಲೆಂದೇ ಮೆತ್ತಗಿರುತ್ತದೆ. ಇಲ್ಲಿ ಅಡ್ಡ ಬಂದದ್ದು ಕಲ್ಲಲ್ಲ, ಮೆತ್ತನೆಯದು ಏನೋ.

ಪಂಖ ಎಳೆದಾಗ ದಂಡದ ಬುಡದಲ್ಲಿ ದಾರ ಕಂಡಿತು. ಮೀನಿನ ಗಾಳದ ದಾರ ಹೀಗೆ ಸುತ್ತಿಕೊಂಡು ಆಯಿಲ್ ಸೀಲ್ ಕೊಯ್ಯುವುದು ದಿನದ ಮಾತು. ಅಲ್ಲಾಸಾಬ ಚಿಮಟಿಗೆ ತೆಗೆದುಕೊಂಡು ಗೊಣಗುತ್ತಲೇ ಬಿಚ್ಚತೊಡಗಿದ. ಎರಡು ಸುತ್ತು ಬಿಚ್ಚಿ ನಿಂತ.

"ಇದು ನೈಲಾನ್ ಅಲ್ಲವಾ. ಹತ್ತಿ."

ಗೀತಾಂಜಲಿ ಬಗ್ಗಿದಳು. ಹೊರಗಿನ ಸುತ್ತು ಕೆಸರಿನಿಂದ ಕಪ್ಪಾಗಿತ್ತು, ಒಳಗಿನದು ಇನ್ನೂ ಬೆಳ್ಳಗಿತ್ತು. ಹಲವು ಎಳೆ ಕೂಡಿಸಿ ಹುರಿ ಮಾಡಿದ ದಾರ, ತುದಿಯಲ್ಲಿ ಒಂದು ಗಂಟು. ಅವಳ ಕೈ ತಾನಾಗಿ ತನ್ನ ಕೊರಳಿಗೆ ಹೋಯಿತು. ಇಷ್ಟಲಿಂಗದ ಕರಡಿಗೆಗೆ ಕಟ್ಟಿದ್ದ ದಾರ, ಅದೇ ದಪ್ಪ, ಅದೇ ಗಂಟು.

"ಶಿವದಾರ, ಕಾಕಾ."

ಅಲ್ಲಾಸಾಬ ಚಿಮಟಿಗೆಯನ್ನು ಕೆಳಗಿಟ್ಟ. "ಯಾ ಅಲ್ಲಾ. ಇದು ಕೊಳ್ಳಾಗಿಂದು."

ಆ ಹೊತ್ತಿಗೇ ಫೋನು ಬಂತು. ಭಾಗ್ಯಶ್ರೀ.

"ಬಿಚ್ಚಿದ್ರೇನ್ರಿ?" ದನಿ ಪಿಸುಗುಡುತ್ತಿತ್ತು.

"ಬಿಚ್ಚೇವ್ರಿ. ಭಾಗ್ಯಶ್ರೀ ಅವರ, ಒಂದ ಮಾತ ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಯಜಮಾನ್ರು ನೀರಿಗೆ ಹೋಗೂ ಮುಂದ ಲಿಂಗ ಕೊಳ್ಳಾಗ ಇರತಿತ್ತೇನ್ರಿ?"



"ಇಲ್ಲರಿ. ದೋಣಿಗೆ ಹೋಗೂ ದಿವಸ ತಗದು ದೇವರ ಮನ್ಯಾಗ ಇಡ್ತಿದ್ರು. ಅವರದು ಈಗೂ ಅಲ್ಲೇ ಐತಿ. ದಾರ ಸುದ್ದಾ ಹರದಿಲ್ಲ."

ಹಾಗಾದರೆ ಇದು ಸತ್ತವನದಲ್ಲ. ಆ ಕೆರೆಯಲ್ಲಿ ಅವನ ಜೊತೆ ಇನ್ನೊಬ್ಬರಿದ್ದರು. 

"ಕೇಳ್ರಿ ಗೀತಾಂಜಲಿ. ನಮ್ಮ ಮೈದುನ ಪ್ರಸಾದ ಬರಾಕತ್ತಾನ. ಮೋಟಾರ ಕೇಳ್ತಾನ, ಕೊಟ್ಟಬಿಡ್ರಿ. ಹಳೇ ಸಾಮಾನಿನ ಗಂಟೂ ಕೊಟ್ಟಬಿಡ್ರಿ."

"ನೀವ ಬಿಚ್ಚಿ ನೋಡ್ರಿ ಅಂದ್ರೆಲ್ರಿ ಮೊನ್ನೆ!"

"ಮೊನ್ನಿ ಬ್ಯಾರೆ ಇತ್ತು," ಎಂದು ಭಾಗ್ಯಶ್ರೀ ಫೋನು ಇಟ್ಟಳು.

ಮುಂದಿನ ಹತ್ತು ನಿಮಿಷ ಇಬ್ಬರೂ ಲಗುಬಗೆಯಿಂದ ಕೆಲಸ ಮಾಡಿದರು. ಕೆಸರು ಮೆತ್ತಿದ ಚಕ್ರ, ಅದರ ಮನೆ, ಪಂಖ ಎಲ್ಲವನ್ನೂ ಹಳದಿ ಬಟ್ಟೆಯಲ್ಲಿ ಕಟ್ಟಿದರು. ಇವನ್ನು ಈ ಕೇಸು ನೋಡುತ್ತಿದ್ದ ಸಬ್‌ಇನ್‌ಸ್ಪೆಕ್ಟರ್ ಜುಲ್ಫಿಕಾರ ಅವರ ಮೇಜಿಗೆ ಮುಟ್ಟಿಸಿದರೆ ಮುಗಿಯಿತು. ಮೋಟಾರು ಸಮುದ್ರದಲ್ಲಿ ಓಡೇ ಇಲ್ಲ ಅಂದಮೇಲೆ ಅಲ್ಲಾಸಾಬನ ಪಿನ್ನು ಯಾರನ್ನೂ ಸಮುದ್ರದಲ್ಲಿ ಮುಳುಗಿಸಿಲ್ಲ.

"ದಾರ ನೀ ಇಟ್ಕೋ," ಎಂದ ಅಲ್ಲಾಸಾಬ ಸ್ಕೂಟರಿನ ಸೀಟಿನ ಕೆಳಗೆ ಗಂಟು ತುರುಕುತ್ತ. "ಎರಡೂ ಒಂದ ಕೈಯಾಗ ಇರಬಾರದು. ಬಾ ಅಂದ್ರ ಬರೂದಿಲ್ಲ ನೀ, ನನಗ ಗೊತ್ತೈತಿ."

"ಅಂಗಡಿ ಬಿಟ್ಟ ಬಂದ್ರ ಅವಗ ಸಂಶೆ ಬರತೈತಿ ಕಾಕಾ. ನಾ ಮಾತಿನಾಗ ಹಿಡದಿರ್ತೇನಿ. ನೀವು ಲಗೂ ಹೋಗ್ರಿ."

"ಮಾತಿನಾಗ ನಿಮ್ಮಪ್ಪನ್ನ ಮೀರಿಸಿದಾಕಿ ನೀ," ಎಂದು ಅವನು ನಗಲು ನೋಡಿದ. ನಗೆ ಗಡ್ಡದಲ್ಲೇ ಉಳಿಯಿತು.

ಸ್ಕೂಟರಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಗೀತಾಂಜಲಿ ದಾರವನ್ನು ಕಾಗದದ ಲಕೋಟೆಗೆ ಹಾಕಿ ಖಾಕಿ ಕೋಟಿನ ಜೇಬಿಗಿಟ್ಟಳು. ಕಪಾಟಿನಲ್ಲಿ ಕಾರವಾರದ ಮೀನುಗಾರನೊಬ್ಬನ ಗಂಟು ಇತ್ತು. ಅವನು ಇನ್ನೂ ಬಂದು ಒಯ್ದಿರಲಿಲ್ಲ. ಅದರಲ್ಲೂ ಹಳೆಯ ಇಂಪೆಲ್ಲರ್, ಇದೇ ಅಳತೆಯದು, ಅವನೇ ಬಿಚ್ಚಿ ತಂದದ್ದರಿಂದ ತೊಳೆಯದೆ ಉಳಿದದ್ದು. ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ಗುರುಶಿದ್ದಪ್ಪನ ಅಂಗಡಿಯಿಂದ ಒಬ್ಬರ ಗಂಟು ಇನ್ನೊಬ್ಬರಿಗೆ ಹೋಗುವುದು ಇದೇ ಮೊದಲು.

ಬಿಳಿ ಕಾರು ಬಂದು ನಿಂತಾಗ ಹನ್ನೊಂದು ಮುಕ್ಕಾಲು.

ಪ್ರಸಾದ ಶಟರಿನ ಕೆಳಗೆ ಬಗ್ಗಿ ಬಂದ. ಮೂವತ್ತೈದರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ. ಅಂಥ ಸೆಕೆಯಲ್ಲೂ ಕತ್ತಿನ ಗುಂಡಿಯವರೆಗೆ ಹಾಕಿಕೊಂಡಿದ್ದ. ಅವಳ ಕಣ್ಣು ಮೊದಲು ಹೋದದ್ದು ಆ ಗುಂಡಿಗೇ.

"ನಮಸ್ಕಾರ್ರಿ ಅಕ್ಕಾರ. ಆರಾಮ ಅದೀರಿಲ್ಲೋ?"

"ಬರ್ರಿ, ಕುಂದರ್ರಿ. ಚಾ ತರಸ್ಲೇನ್ರಿ?"

"ಚಾ ಬ್ಯಾಡ್ರಿ. ಒಂದೀಟು ನೀರ ಕೊಡ್ರಿ."

ನೀರು ಕುಡಿಯುವಾಗ ಅವನು ಎರಡು ಸಲ ರಸ್ತೆಯ ಕಡೆ ನೋಡಿದ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಲೆಕ್ಕ ಹಾಕುತ್ತಿದ್ದಾನೆ ಅನ್ನಿಸಿತು ಗೀತಾಂಜಲಿಗೆ. ಮೇಜಿನ ಮೇಲಿನ ದೊಡ್ಡ ಪಾನಾವನ್ನು ತನ್ನ ಕಡೆ ಸರಿಸಿಕೊಂಡಳು.

"ಅಲ್ಲಾಸಾಬ ಕಾಕಾ ಕಾಣವಲ್ರು?"

"ಸತ್ತೂರಿಗೆ ಹೋಗ್ಯಾರ್ರಿ. ಬಳಗದವರನ್ನ ನೋಡಾಕ."

"ಹೌದ? ನಾಳಿಗೆ ಠಾಣೆ ಇಟ್ಕೊಂಡು ಬಳಗ ನೋಡಾಕ ಹೋಗೂ ದಿವಸಾನ ಇದು?" ಪ್ರಸಾದ ಲೋಟ ಕೆಳಗಿಟ್ಟ. "ಮೋಟಾರ ಒಯ್ತೇನ್ರಿ. ಬಿಚ್ಚಿದ್ರೂ ಅಡ್ಡಿಯಿಲ್ಲ, ಹಂಗ ಗಾಡ್ಯಾಗ ಹಾಕ್ಕೊಂಡ ಹೋಗ್ತೇನಿ. ಅದರ ಗಂಟು?"

"ಯಾವ ಗಂಟ್ರಿ?"

"ಅಕ್ಕಾರ, ನಿಮ್ಮ ಅಪ್ಪಾರು ನಮ್ಮ ಅಪ್ಪಗ ಪಂಪಸೆಟ್ಟಿನ ಹಳೇ ವಾಸರ್ ಸುದ್ದಾ ಎಣಿಸಿ ಕೊಟ್ಟಾವ್ರು. ಯಾವ ಗಂಟು ಅಂತ ನನಗ ಕೇಳ್ತೀರಲ್ಲ?"

ಬೈಗುಳವಿಲ್ಲ, ದನಿ ಏರಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಮೇಜಿನ ಮೇಲಿನ ಗಂಟನ್ನು ಎರಡೂ ಕೈಯಿಂದ ಅವನ ಮುಂದೆ ಇಟ್ಟಳು. ಆಮೇಲೆ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಲಕೋಟೆ ಬೆರಳಿಗೆ ತಾಗಿತು.

ಪ್ರಸಾದ ಗಂಟು ಬಿಚ್ಚಿದ. ಇಂಪೆಲ್ಲರ್ ಎತ್ತಿ ಬೆಳಕಿಗೆ ಹಿಡಿದ. ಎಸಳುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದ. ಅಷ್ಟಕ್ಕೆ ನಿಲ್ಲಿಸುತ್ತಾನೆ ಅಂದುಕೊಂಡಳು ಅವಳು.

ಅವನು ಅದನ್ನು ನಾಲಿಗೆಗೆ ಮುಟ್ಟಿಸಿದ.

"ಉಪ್ಪು," ಎಂದ. ಮೆಲ್ಲಗೆ ತಲೆಯಾಡಿಸಿದ. "ಅಕ್ಕಾರ, ಇದು ನಮ್ಮ ಮೋಟಾರಿಂದಲ್ಲ."

ಎದುರಿನ ಮನೆಯ ಕುಕ್ಕರ್ ಮತ್ತೊಮ್ಮೆ ಸೀಟಿ ಹೊಡೆದು ಸುಮ್ಮನಾಯಿತು.

ಸಮುದ್ರದಲ್ಲಿ ಕಳೆದುಹೋದವನ ಮೋಟಾರಿನ ಚಕ್ರ ಉಪ್ಪಾಗಿರಬಾರದು ಎಂದು ಈ ಮನುಷ್ಯನಿಗೆ ಗೊತ್ತಿದೆ. ಕೆರೆಯ ದಂಡೆಯಲ್ಲಿ ನಿಂತು ನೋಡಿದವರಿಗೆ ಮಾತ್ರ ಗೊತ್ತಿರಬಹುದಾದ ಮಾತು. ತಾನು ಆಡಿದ್ದು ಏನೆಂದು ಪ್ರಸಾದನಿಗೂ ಅದೇ ಗಳಿಗೆಯಲ್ಲಿ ಹೊಳೆಯಿತು. 

ಗೀತಾಂಜಲಿ ಪಾನಾ ಎತ್ತಿಕೊಂಡಳು.

"ಹತ್ರ ಬರಬ್ಯಾಡ್ರಿ. ಓಣಿ ತುಂಬ ಮಂದಿ ಅದಾರ. ಒದರ್ತೇನಿ."

"ಒದರಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ, ಒದರಬ್ಯಾಡ್ರಿ." ಅವನು ಎದ್ದು ಹಿಂದಕ್ಕೆ ಸರಿದ, ಮುಂದಕ್ಕಲ್ಲ. "ನಾ ಬಂದಾಗಿಂದ ನನ್ನ ಕೊಳ್ಳ ನೋಡಾಕತ್ತೀರಿ. ನೋಡ್ರಿ, ಇಕಾ."

ಕತ್ತಿನ ಗುಂಡಿ ಬಿಚ್ಚಿದ. ಬೆವರಿನಿಂದ, ವಿಭೂತಿಯಿಂದ ಬಣ್ಣ ಮಾಸಿದ ಹಳೆಯ ಶಿವದಾರ ಅವನ ಕೊರಳಲ್ಲಿ ಹರಿಯದೆ ಇತ್ತು. ಅದು ತಿಂಗಳೊಪ್ಪತ್ತಿನ ದಾರವಲ್ಲ, ವರ್ಷಗಳದು.

ಅವಳು ಪಾನಾ ಇಳಿಸಿದಳು. ಹಾಗಾದರೆ ಯಾರದು?

ಪ್ರಸಾದ ಶಟರಿನ ಕಡೆ ತಿರುಗಿ ಕರೆದ. "ವೈನಿ, ಬರ್ರಿ ಒಳಗ. ಇವರಿಗೆ ಎಲ್ಲಾ ಗೊತ್ತಾಗೇತಿ."

ಕಾರಿನ ಬಾಗಿಲು ತೆರೆಯಿತು. ಸೆರಗನ್ನು ಕತ್ತಿನ ಸುತ್ತ ಹೊದ್ದ ಹೆಂಗಸು ಬಗ್ಗಿ ಒಳಗೆ ಬಂದಳು. ಭಾಗ್ಯಶ್ರೀ. ನೆಟ್ಟಗೆ ನಿಂತು ಸೆರಗು ಸರಿಸಿದಳು.

ಕೊರಳಲ್ಲಿ ಹೊಚ್ಚ ಹೊಸ ಶಿವದಾರ, ಹಾಲಿನಷ್ಟು ಬೆಳ್ಳಗೆ. ಅದರ ಕೆಳಗೆ ಒಂದು ಕಿವಿಯಿಂದ ಗಂಟಲಿನವರೆಗೆ ಮಾಯುತ್ತಿರುವ ಕೆಂಪು ಗೆರೆ, ಹಗ್ಗ ಎಳೆದ ಗೆರೆ.

ಗೀತಾಂಜಲಿಗೆ ತನ್ನ ಮೇಲೇ ಸಿಟ್ಟು ಬಂತು. ತನ್ನ ಕೊರಳಲ್ಲೇ ಅಂಥದೊಂದು ದಾರವಿದ್ದರೂ ದೋಣಿ ಅಂದೊಡನೆ ಗಂಡಸರ ಕೊರಳನ್ನೇ ಹುಡುಕಿದ್ದಳು. ಫೋನಿನಲ್ಲಿ "ದಾರ ಸುದ್ದಾ ಹರದಿಲ್ಲ" ಎಂದಾಗಲೇ ಕೇಳಬೇಕಿತ್ತು. ದಾರ ಹರಿದ ಮಾತನ್ನು ತಾನಂತೂ ಎತ್ತಿರಲಿಲ್ಲ.

"ಆ ದಾರ ನಂದು," ಎಂದಳು ಭಾಗ್ಯಶ್ರೀ.  "ಹೊಸ ಚಕ್ರ ಹಾಕ್ಸೇನಿ, ಶಿರಗುಪ್ಪಿ ಕೆರ್ಯಾಗ ಓಡಿಸಿ ನೋಡೂಣು ಬಾ ಅಂದ್ರು. ಮದುವಿ ಆಗಿ ಹನ್ನೊಂದ ವರ್ಷದಾಗ ಒಂದ ಸಲನೂ ದೋಣ್ಯಾಗ ಕರಕೊಂಡಿರಲಿಲ್ಲ. ಹೋದ್ನಿ. ನಡು ಕೆರ್ಯಾಗ ನೂಕಿದ್ರು. ನಾ ದೋಣಿ ಹಿಂದ ಗಟ್ಟಿ ಹಿಡಕೊಂಡ್ನಿ. ಮೋಟಾರ ಜೋರ ಮಾಡಿದ್ರು."

ಮುಂದಿನದನ್ನು ಪ್ರಸಾದ ಹೇಳಿದ.

"ದಾರ ಪಂಖಕ್ಕ ಸುತ್ತಿ ಕೊಳ್ಳ ಎಳೀತು. ನಾ ದಂಡ್ಯಾಗಿದ್ನಿ, ಜಿಗದ್ನಿ. ನಾ ಮುಟ್ಟೂದ್ರಾಗ ಟಪ್ ಅಂತ ಸಪ್ಪಳಾತು, ಪಂಖ ನಿಂತಬಿಡ್ತು. ಪಿನ್ನು ಮುರಿಲಿಲ್ಲಂದ್ರ ವೈನಿ ಉಳೀತಿರಲಿಲ್ಲ. ಅಣ್ಣ ಆ ರಾತ್ರೀನ ದೋಣಿ ಟ್ರಾಲಿಗೆ ಹಾಕ್ಕೊಂಡ ಹೋದಾಂವ ತಿರುಗಿ ಮನಿಗೆ ಬರಲಿಲ್ಲ."

 ಅಲ್ಲಾಸಾಬ ತನ್ನ ಕೈಯಾರೆ ಕೊಯ್ದು, ಅರ ಹಾಕಿ, ಎಣ್ಣೆ ಹಚ್ಚಿ ಕೂರಿಸಿದ ಎರಡಂಗುಲದ ಹಿತ್ತಾಳೆ. ಅದಕ್ಕೇ ಅವನನ್ನು ನಾಳೆ ಕೊಲೆಗಾರನೆಂದು ನಿಲ್ಲಿಸಲಿದ್ದಾರೆ.

"ಹಂಗಾದ್ರ ಈಗಿಂದೀಗ ಠಾಣೆಕ್ಕ ನಡೀರಿ. ನಿಮ್ಮ ಕೊಳ್ಳ ತೋರಸ್ರಿ, ಇದ್ದದ್ದ ಹೇಳ್ರಿ. ನೀವ ಒಂದ ಮಾತ ಹೇಳಿದ್ರ ಕಾಕಾ ಉಳೀತಾರ."

"ಅದಕ್ಕ ಅಲ್ಲೇನ್ರಿ ಮೊನ್ನಿ ಮೋಟಾರ ಕಳಿಸಿದ್ದು. ನನ್ನ ಬಾಯಿಂದ ಬರೂದಿಲ್ಲ, ಮೋಟಾರಾದ್ರೂ ಹೇಳ್ಲಿ ಅಂತ." ಭಾಗ್ಯಶ್ರೀ ಸ್ಟೂಲಿನ ಮೇಲೆ ಕುಸಿದಳು. "ನಿನ್ನೆ ಸಂಜಿಕ ಫೋನ್ ಬಂತು. ಮೋಟಾರ ಎಲ್ಲೈತಿ ಅನ್ನೂದೂ ಗೊತ್ತೈತಿ, ಯಾರ ಬಿಚ್ಚಾಕತ್ತಾರ ಅನ್ನೂದೂ ಗೊತ್ತೈತಿ. ಇವತ್ತ ಮಧ್ಯಾಹ್ನದೊಳಗ ಎಲ್ಲಾ ತಂದ ಕೊಡಬೇಕು, ಇಲ್ಲಂದ್ರ ಪ್ರಸಾದನ್ನ ಬಿಡೂದಿಲ್ಲ ಅಂದ್ರು."

"ಯಾರು ಅಂದ್ರು?"

ಅತ್ತಿಗೆ ಮೈದುನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೆಣ ಸಿಗಲಿಲ್ಲ ಅಂತ ಎಲ್ಲಾರೂ ಅಳಾಕತ್ತಿದ್ರು," ಎಂದಳು ಭಾಗ್ಯಶ್ರೀ. "ನಾ ಒಬ್ಬಾಕಿ ಅಳಲಿಲ್ಲ. ದೋಣಿ ಸಮುದ್ರಕ್ಕ ಬಿಟ್ಟದ್ದು ಅವರ. ಅವರು ಸತ್ತಿಲ್ಲರಿ."

ಗೀತಾಂಜಲಿಯ ಫೋನು ಮೇಜಿನ ಮೇಲೆ ಗುರುಗುಟ್ಟಿತು.  ಅಲ್ಲಾಸಾಬನ ಹೆಸರು. ಅಬ್ಬಾ, ಮುಟ್ಟಿದ ಅಂದುಕೊಂಡಳು. ಎತ್ತಿ ಸ್ಪೀಕರ್ ಒತ್ತಿದಳು.

"ಕಾಕಾ, ಸಾಹೇಬ್ರು ಸಿಕ್ಕರೇನ್ರಿ?"

"ಇಲ್ಲವಾ. ಠಾಣೆ ಮುಟ್ಟಿಲ್ಲ." ಅಲ್ಲಾಸಾಬ ಹೀಗೆ ಒಂದೊಂದೇ ಮಾತು ಎಣಿಸಿ ಆಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. "ಸಿಗ್ನಲ್ ಹತ್ರ ಒಬ್ರು ಲಿಫ್ಟ್ ಕೇಳಿದ್ರು. ಮಾರಿಗೆ ಮಾಸ್ಕ್ ಇತ್ತು. ವಯಸ್ಸಾದಾಂವ ಅದೀರಿ, ಪುಣ್ಯಾ ಬರ್ತೈತಿ ಅಂದ್ರು. ಹತ್ತಿಸ್ಕೊಂಡ್ನಿ."

"ಎಲ್ಲದೀರಿ ಈಗ? ಕಾಕಾ?"

"ನೀರಿನ ದಂಡಿಗೆ ಅದೀವಿ. ಈಗ ಮಾಸ್ಕ್ ತಗದಾರವಾ."

ಫೋನು ಕೈ ಬದಲಾದ ಸದ್ದು. ಗಾಳಿ. ಆಮೇಲೆ ಒಂದು ದನಿ, ಗಿರಾಕಿಯೊಬ್ಬ ಅಂಗಡಿಗೆ ಫೋನು ಮಾಡಿದಷ್ಟು ಸಹಜವಾಗಿ. ಅದನ್ನು ಕೇಳಿದ್ದೇ ತಡ, ಭಾಗ್ಯಶ್ರೀ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಗೀತಾಂಜಲಿಯವರ, ಗಂಟು ನೋಡಿದ್ನಿ. ಒಂದ ಸಾಮಾನ ಕಡಿಮಿ ಐತಿ. ಅದನ್ನ ತಗೊಂಡ ನೀವೊಬ್ಬರ ಶಿರಗುಪ್ಪಿಗೆ ಬರ್ರಿ. ಲಗೂ ಬಂದ್ರ ಛಲೋ. ನಿಮ್ಮ ಕಾಕಾನ್ನ ಕೇಳಿದ್ನಿ, ಈಜು ಬರೂದಿಲ್ಲಂತ."